ಬೇರೆ ಧರ್ಮದವರು ದೇವಸ್ಥಾನ ನೋಡಲು ಹೋಗುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಜೊತೆ ದೇವಸ್ಥಾನಕ್ಕೆ ಬಂದ ಗೆಳೆಯರಲ್ಲಿ ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ, ಸಿಖ್ಖರಿದ್ದಾರೆ, ಯಾವ ದೇವರನ್ನೂ ನಂಬದವರೂ ಇದ್ದಾರೆ. ಒಳಗೆ ಕಾಲಿಡುವ ಮುಂಚೆ ಎಲ್ಲರ ಮನಸ್ಸಿನಲ್ಲೂ ಹೆಚ್ಚುಕಮ್ಮಿ ಒಂದೇ ಥರದ ಪ್ರಶ್ನೆಗಳಿರುತ್ತವೆ. ಕೆಲವರು ಕೇಳುತ್ತಾರೆ, ಕೆಲವರು ಸಂಕೋಚದಿಂದ ಕೇಳದೆ ಹೊರಗಿಂದಲೇ ವಾಪಸ್ ಹೋಗುತ್ತಾರೆ. ಹಾಗೆ ವಾಪಸ್ ಹೋಗುವವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲೇ ಒಂದು ಮಾತು. ಭಕ್ತರ ಪಾಲಿಗೆ ದೇವಸ್ಥಾನ ಅಂದರೆ ದೇವರು ವಾಸವಾಗಿರುವ ಮನೆ. ಬೆಳಗ್ಗೆ ಹಾಡಿ ಎಬ್ಬಿಸುತ್ತಾರೆ, ಸ್ನಾನ ಮಾಡಿಸುತ್ತಾರೆ, ಬಟ್ಟೆ ಉಡಿಸಿ ಹೂ ಮುಡಿಸುತ್ತಾರೆ, ಊಟ ಇಡುತ್ತಾರೆ, ರಾತ್ರಿ ಮಲಗಿಸಿ ಬಾಗಿಲು ಹಾಕುತ್ತಾರೆ. ನೀವು ಆ ಮನೆಗೆ ನೆಂಟರ ಹಾಗೆ ಹೋಗುತ್ತಿದ್ದೀರಿ. ಇದೊಂದು ನೆನಪಿದ್ದರೆ ಕೆಳಗಿನ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

ನಾನು ಹಿಂದೂ ಅಲ್ಲ. ಒಳಗೆ ಬಿಡುತ್ತಾರಾ?

ಹೆಚ್ಚಿನ ಕಡೆ ಬಿಡುತ್ತಾರೆ. ಬಾಗಿಲಲ್ಲಿ ಯಾರೂ ನಿಮ್ಮ ಧರ್ಮ ಕೇಳುವುದಿಲ್ಲ. ಹೆಸರು ಬರೆಸಬೇಕಾಗಿಲ್ಲ, ಮೊದಲೇ ತಿಳಿಸಬೇಕಾಗಿಯೂ ಇಲ್ಲ. ಬೇಲೂರಿನ ಚೆನ್ನಕೇಶವ, ಹಂಪಿಯ ವಿರೂಪಾಕ್ಷ, ಮಲೇಷ್ಯಾದ ಬಾಟು ಗುಹೆಗಳ ಮುರುಗನ್ ಗುಡಿ, ಲಂಡನ್ನಿನ ನೀಸ್ಡನ್‌ನಲ್ಲಿ 1995ರಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರ, ಇಲ್ಲೆಲ್ಲ ಎಲ್ಲ ಧರ್ಮದವರೂ ದಿನಾ ಬಂದು ಹೋಗುತ್ತಾರೆ.

ಬಿಡದ ಕಡೆಗಳೂ ಇವೆ. ಒಡಿಶಾದ ಪುರಿ ಜಗನ್ನಾಥ, ಕೇರಳದ ಗುರುವಾಯೂರು, ಕಠ್ಮಂಡುವಿನ ಪಶುಪತಿನಾಥದ ಮುಖ್ಯ ಗುಡಿ, ಇವು ಹಿಂದೂಗಳಿಗೆ ಮಾತ್ರ. ಪುರಿಯಲ್ಲಿ 1984ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅವರಿಗೇ, ಪಾರ್ಸಿಯನ್ನು ಮದುವೆಯಾದವರು ಅಂತ, ಪ್ರವೇಶ ಸಿಗಲಿಲ್ಲ. ಮಧುರೈ ಮೀನಾಕ್ಷಿಯಂಥ ದೊಡ್ಡ ದೇವಸ್ಥಾನಗಳಲ್ಲಿ ಪ್ರಾಕಾರ, ಮಂಟಪ ಎಲ್ಲ ನೋಡಬಹುದು, ಒಳಗಿನ ಗುಡಿಗೆ ಮಾತ್ರ ಹೋಗುವಂತಿಲ್ಲ. ಕೇರಳದಲ್ಲಿ ಇಂಥ ನಿಯಮ ಜಾಸ್ತಿ.

ನಾನೊಮ್ಮೆ ಇದನ್ನು ವಿಚಾರಿಸದೆ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಸಾಲಿನಲ್ಲಿ ನಿಂತು ಬಾಗಿಲ ಹತ್ತಿರ ಬಂದ ಮೇಲೆ ಗೋಡೆಯ ಮೇಲಿನ ಬೋರ್ಡು ಕಂಡಿತು. ಅವಳು ಏನೂ ಅನ್ನಲಿಲ್ಲ. ಸುಮ್ನೆ ಸಾಲಿನಿಂದ ಈಚೆ ಬಂದು ನಿಂತಳು. ಆ ಮುಖ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ಹೋಗುವ ಹಿಂದಿನ ದಿನವೇ ಫೋನ್ ಮಾಡಿ ಕೇಳುತ್ತೇನೆ. ನೀವೂ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಿಡುವುದಿಲ್ಲ ಅಂದರೆ ಅದು ಅವಮಾನ ಅಲ್ವಾ?

ಹಾಗೆ ಅನಿಸುವುದು ಸಹಜ. ನನಗೂ ಆ ಬೋರ್ಡುಗಳು ಇಷ್ಟವಿಲ್ಲ. ಆದರೆ ಒಂದು ವಿಷಯ ತಿಳಿದಿರಲಿ. ಬಾಗಿಲ ಹೊರಗೆ ನಿಂತವರು ಬರೀ ಬೇರೆ ಧರ್ಮದವರಲ್ಲ. ಹಿಂದೂಗಳಲ್ಲೇ ಎಷ್ಟೋ ಜಾತಿಯವರನ್ನು ತಲೆಮಾರುಗಟ್ಟಲೆ ಹೊರಗಿಟ್ಟಿದ್ದರು. ತಿರುವಾಂಕೂರಿನಲ್ಲಿ ಎಲ್ಲ ಜಾತಿಯ ಹಿಂದೂಗಳಿಗೆ ದೇವಸ್ಥಾನ ತೆರೆದದ್ದು 1936ರ ನವೆಂಬರ್ 12ರಂದು. ಅದಕ್ಕೂ ಮುಂಚೆ 1924ರಲ್ಲಿ ವೈಕ್ಕಂ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಸುಮ್ಮನೆ ನಡೆದಾಡುವ ಹಕ್ಕಿಗೇ ಸತ್ಯಾಗ್ರಹ ಮಾಡಬೇಕಾಯಿತು. ಉಡುಪಿಯಲ್ಲಿ ಕನಕದಾಸರನ್ನು ಒಳಗೆ ಬಿಡದಿದ್ದಾಗ ಕೃಷ್ಣನೇ ಅವರ ಕಡೆ ತಿರುಗಿದ, ಗೋಡೆ ಬಿರುಕು ಬಿಟ್ಟಿತು ಅಂತ ಕತೆ. ಇವತ್ತು ಉಡುಪಿಗೆ ಹೋದವರು ಕನಕನ ಕಿಂಡಿ ನೋಡದೆ ಬರುವುದಿಲ್ಲ. ಬಾಗಿಲ ವಿಷಯದಲ್ಲಿ ಜಗಳ, ಮಾತುಕತೆ ಒಳಗಿನವರಲ್ಲೇ ನಡೆಯುತ್ತಾ ಬಂದಿದೆ. ಇನ್ನೂ ಮುಗಿದಿಲ್ಲ.

ಒಳಗೆ ಬಿಡದ ಕಡೆ ಹೋದರೆ ನೋಡುವುದಕ್ಕೆ ಏನೂ ಸಿಗುವುದಿಲ್ಲವಾ?

ಸಿಗುತ್ತದೆ. ಪುರಿಯ ಸಿಂಹದ್ವಾರದ ಒಳಗೋಡೆಯಲ್ಲೇ ಪತಿತಪಾವನ ಅಂತ ಜಗನ್ನಾಥನ ಮೂರ್ತಿ ಇದೆ. ಒಳಗೆ ಹೋಗಲಾಗದವರಿಗೆ ರಸ್ತೆಯಿಂದಲೇ ಕಾಣಲಿ ಅಂತ ಇಟ್ಟಿರುವುದು. ರಥಯಾತ್ರೆಯ ದಿನವಂತೂ ದೇವರೇ ಬೀದಿಗೆ ಬರುತ್ತಾನೆ, ಅಲ್ಲಿ ಯಾರಿಗೂ ತಡೆ ಇಲ್ಲ. ಪಶುಪತಿನಾಥದಲ್ಲಿ ಬಾಗ್ಮತಿ ನದಿಯ ಪೂರ್ವ ದಡದ ಮೆಟ್ಟಿಲ ಮೇಲೆ ಕೂತರೆ ಗುಡಿ ಎದುರಿಗೇ ಕಾಣುತ್ತದೆ.

ದೊಡ್ಡ ದೇವಸ್ಥಾನಗಳಲ್ಲಿ ಎರಡು ಮೂರ್ತಿಗಳಿರುವುದು ಇದೇ ಕಾರಣಕ್ಕೆ. ಕದಲದೆ ಗರ್ಭಗುಡಿಯಲ್ಲೇ ಇರುವುದು ಮೂಲ ವಿಗ್ರಹ. ಮೆರವಣಿಗೆಗೆ ಹೊರಡುವುದು ಉತ್ಸವ ಮೂರ್ತಿ. ಮನೆಗೆ ಬರಲಾಗದವರನ್ನು ನೋಡಲು ಮನೆಯವನೇ ಹೊರಗೆ ಬಂದ ಹಾಗೆ.

ತಿರುಪತಿಯಲ್ಲಿ ಏನೋ ಬರೆದುಕೊಡಬೇಕಂತೆ?

ಹೌದು. ತಿರುಮಲದಲ್ಲಿ ಹಿಂದೂ ಅಲ್ಲದವರು ತಮಗೆ ವೆಂಕಟೇಶ್ವರನಲ್ಲಿ ನಂಬಿಕೆ ಇದೆ ಎಂಬ ಪತ್ರಕ್ಕೆ ಸಹಿ ಹಾಕಿ ದರ್ಶನಕ್ಕೆ ಹೋಗಬಹುದು. ನಂಬಿಕೆ ಇದ್ದರೆ ಸಹಿ ಹಾಕಿ. ಬರೀ ಕುತೂಹಲಕ್ಕೆ ಬಂದಿದ್ದರೆ ಹಾಕಬೇಡಿ ಅನ್ನುವುದು ನನ್ನ ಮಾತು. ದೇವರ ಮುಂದೆ ಸುಳ್ಳು ಬರೆದುಕೊಟ್ಟು ಒಳಗೆ ಹೋಗುವುದರಲ್ಲಿ ನಿಮಗಾಗಲಿ ಅವರಿಗಾಗಲಿ ಏನು ಸುಖ?

ದೇವಸ್ಥಾನಕ್ಕೆ ಹೋದರೆ ನನ್ನ ಧರ್ಮ ಬಿಟ್ಟ ಹಾಗಾಗುತ್ತಾ?

ದೇವಸ್ಥಾನದ ಕಡೆಯಿಂದ ನೋಡಿದರೆ ಇಲ್ಲ. ಒಳಗೆ ಕಾಲಿಟ್ಟ ಮಾತ್ರಕ್ಕೆ ಯಾರೂ ಹಿಂದೂ ಆಗುವುದಿಲ್ಲ. ನಿಮ್ಮ ಧರ್ಮದ ಕಡೆಯಿಂದ ಏನು ಅನ್ನುವುದನ್ನು ನಾನು ಹೇಳಲಾರೆ. ಅದನ್ನು ನೀವು, ನಿಮ್ಮ ಹಿರಿಯರು ತೀರ್ಮಾನಿಸಬೇಕು.

ಆದರೆ ಒಂದು ಕಿವಿಮಾತು. ಎಲ್ಲಿವರೆಗೆ ಹೋಗುತ್ತೀರಿ ಅಂತ ಮನೆಯಲ್ಲೇ ಯೋಚಿಸಿಕೊಂಡು ಬನ್ನಿ. ಒಳಗೆ ಹೋಗುವುದು ಬೇರೆ, ಕೈಮುಗಿಯುವುದು ಬೇರೆ, ಆರತಿ ತೆಗೆದುಕೊಳ್ಳುವುದು ಬೇರೆ, ತೀರ್ಥ ಕುಡಿಯುವುದು ಬೇರೆ, ಹಣೆಗೆ ಕುಂಕುಮ ಇಡುವುದು ಬೇರೆ. ಒಂದಕ್ಕೆ ಸರಿ ಅಂದರೆ ಎಲ್ಲಕ್ಕೂ ಸರಿ ಅಂದ ಹಾಗಲ್ಲ. ನನ್ನ ಗೆಳೆಯರೊಬ್ಬರು ಬರೀ ಕಂಬಕ್ಕೆ ಒರಗಿ ನಿಂತು ನೋಡುತ್ತಾರೆ, ಬೇರೇನೂ ಮಾಡುವುದಿಲ್ಲ. ಇನ್ನೊಬ್ಬರು ಪ್ರಸಾದ ತಿನ್ನುತ್ತಾರೆ, ತಲೆ ಬಾಗುವುದಿಲ್ಲ. ಇಬ್ಬರಿಗೂ ಇದುವರೆಗೆ ಯಾರೂ ಏನೂ ಹೇಳಿಲ್ಲ.

ಎಂಥ ಬಟ್ಟೆ ಹಾಕಿಕೊಳ್ಳಬೇಕು?

ಹಿರಿಯರಿರುವ ಮನೆಗೆ ಮದುವೆ ಕರೆಯಲು ಹೋಗುವಾಗ ಹಾಕುವಂಥದ್ದು. ಭುಜ, ಮಂಡಿ ಮುಚ್ಚಿರಲಿ. ನೆಲದ ಮೇಲೆ ಕೂರಲು, ಏಳಲು ಸಲೀಸಾಗಿರಲಿ. ಬಿಗಿ ಜೀನ್ಸ್ ಹಾಕಿ ಬಂದು ಕಲ್ಲು ನೆಲದ ಮೇಲೆ ಕೂರಲಾರದೆ ಒದ್ದಾಡುವವರನ್ನು ನೋಡಿದ್ದೇನೆ.

ಕೆಲವು ಕಡೆ ನಿಯಮ ಬಿಗಿ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದೇ ದರ್ಶನಕ್ಕೆ ಹೋಗಬೇಕು. ಕೇರಳದ ಬಹಳಷ್ಟು ದೇವಸ್ಥಾನಗಳಲ್ಲೂ ಹಾಗೇ, ಜೊತೆಗೆ ಪಂಚೆ ಉಡಬೇಕು. ಬಾಲಿ ದ್ವೀಪದ ದೇವಸ್ಥಾನಗಳಲ್ಲಿ ಸೊಂಟಕ್ಕೆ ಸಾರೊಂಗ್ ಸುತ್ತಿಕೊಳ್ಳದೆ ಬಿಡುವುದಿಲ್ಲ. ತಲೆ ಮುಚ್ಚಬೇಕು ಅನ್ನುವ ನಿಯಮ ಇಲ್ಲಿಲ್ಲ. ಗಂಡಸರು ಕ್ಯಾಪು ಹಾಕಿದ್ದರೆ ತೆಗೆಯುವುದು ವಾಡಿಕೆ. ನನ್ನ ಸಿಖ್ ಗೆಳೆಯನ ಪಗಡಿಗೆ ಮಾತ್ರ ಯಾರೂ ಎಲ್ಲೂ ಆಕ್ಷೇಪ ಎತ್ತಲಿಲ್ಲ.

ಚಪ್ಪಲಿ ಎಲ್ಲಿ ಬಿಡಬೇಕು?

ಹೊರಗೆ. ಇದಕ್ಕೆ ವಿನಾಯಿತಿ ಇಲ್ಲ. ಬೇಸಿಗೆಯ ಮಧ್ಯಾಹ್ನ ಹೋದರೆ ಅಂಗಳದ ಕಲ್ಲು ಕಾದ ಹೆಂಚಿನ ಹಾಗಿರುತ್ತದೆ, ಅಂಗಾಲು ಸುಡುತ್ತದೆ. ಬೆಳಗ್ಗೆ ಬೇಗ ಹೋಗಿ. ಚರ್ಮದ ಬೆಲ್ಟು, ಪರ್ಸು ಬೇಡ ಅನ್ನುವ ದೇವಸ್ಥಾನಗಳೂ ಇವೆ. ಬೋರ್ಡು ನೋಡಿಕೊಳ್ಳಿ.

ಮಾಂಸ ತಿಂದು ಹೋಗಬಹುದಾ?

ದೇವಸ್ಥಾನಕ್ಕೆ ಹೋಗುವ ದಿನ ಮಾಂಸ ತಿನ್ನದೆ, ಸ್ನಾನ ಮಾಡಿ ಹೋಗುವುದು ಹೆಚ್ಚಿನ ಭಕ್ತರ ಪದ್ಧತಿ. ನಿಮ್ಮನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಆದರೂ ಅವರ ಮನೆಯ ಪದ್ಧತಿ ಅಂತ ಒಂದು ದಿನ ಪಾಲಿಸಿದರೆ ಚೆಂದ. ಹಾಗಂತ ಎಲ್ಲ ದೇವರೂ ಸಸ್ಯಾಹಾರಿಗಳಲ್ಲ. ಅಸ್ಸಾಮಿನ ಕಾಮಾಖ್ಯ, ನೇಪಾಳದ ದಕ್ಷಿಣಕಾಳಿಯಲ್ಲಿ ಇವತ್ತಿಗೂ ಪ್ರಾಣಿಬಲಿ ಕೊಡುತ್ತಾರೆ. ನೋಡಲು ಕಷ್ಟವಾಗುವವರು ಮೊದಲೇ ತಿಳಿದುಕೊಂಡು ಹೋಗಿ.

ಮುಟ್ಟಾದಾಗ?

ಆ ದಿನಗಳಲ್ಲಿ ಹೋಗುವುದಿಲ್ಲ ಅನ್ನುವುದು ಬಹಳ ಕಡೆಯ ಸಂಪ್ರದಾಯ. ಈಗ ಇದನ್ನು ಒಪ್ಪದ ಹೆಣ್ಣುಮಕ್ಕಳೂ ತುಂಬ ಇದ್ದಾರೆ. ಬಾಗಿಲಲ್ಲಿ ಯಾರೂ ಕೇಳುವುದಿಲ್ಲ, ತೀರ್ಮಾನ ನಿಮ್ಮದು. ಮೇಲೆ ಹೇಳಿದ ಕಾಮಾಖ್ಯದಲ್ಲೇ ಇನ್ನೊಂದು ಸಂಗತಿ ಇದೆ. ವರ್ಷಕ್ಕೊಮ್ಮೆ, ಜೂನ್ ತಿಂಗಳ ಸುಮಾರಿಗೆ, ದೇವಿಯೇ ಮುಟ್ಟಾಗುತ್ತಾಳೆ ಅಂತ ಮೂರು ದಿನ ಗುಡಿ ಮುಚ್ಚುತ್ತಾರೆ. ಬಾಗಿಲು ತೆರೆದ ಮೇಲೆ ಕೆಂಪು ಬಟ್ಟೆಯ ತುಂಡನ್ನು ಪ್ರಸಾದವಾಗಿ ಕೊಡುತ್ತಾರೆ. ಅದಕ್ಕೆ ಅಂಬುಬಾಚಿ ಮೇಳ ಅಂತ ಹೆಸರು. ಒಂದೇ ಧರ್ಮದ ಒಳಗೆ ಎರಡೂ ಇವೆ.

ಯಾವ ಹೊತ್ತಿಗೆ ಹೋದರೆ ಒಳ್ಳೆಯದು?

ಬೆಳಗ್ಗೆ ಎಂಟರ ಸುಮಾರಿಗೆ, ಇಲ್ಲವೇ ಸಂಜೆ ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನ ಹೆಚ್ಚಿನ ಗುಡಿಗಳು ಬಾಗಿಲು ಹಾಕುತ್ತವೆ, ದೇವರು ವಿಶ್ರಾಂತಿ ತೆಗೆದುಕೊಳ್ಳುವ ಸಮಯ. ಶಿವನ ಗುಡಿಯಲ್ಲಿ ಸೋಮವಾರ, ದೇವಿಯ ಗುಡಿಯಲ್ಲಿ ಶುಕ್ರವಾರ, ಆಂಜನೇಯನ ಗುಡಿಯಲ್ಲಿ ಶನಿವಾರ ಜನ ಜಾಸ್ತಿ. ಮೊದಲ ಸಲ ಹೋಗುವವರು ಈ ದಿನ ಬಿಟ್ಟು ಹೋದರೆ ನಿಧಾನವಾಗಿ ನೋಡಬಹುದು, ಅರ್ಚಕರಿಗೂ ಮಾತಾಡಲು ಬಿಡುವಿರುತ್ತದೆ. ಗ್ರಹಣದ ದಿನ ಹೆಚ್ಚಿನ ಗುಡಿಗಳ ಬಾಗಿಲು ಮುಚ್ಚಿರುತ್ತದೆ. ಆಂಧ್ರದ ಶ್ರೀಕಾಳಹಸ್ತಿ ಮಾತ್ರ ಗ್ರಹಣದಲ್ಲೂ ತೆರೆದಿರುತ್ತದೆ.

ಪ್ರಾರ್ಥನೆ ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಗಿಯುತ್ತದೆ?

ಚರ್ಚಿಗೆ, ಮಸೀದಿಗೆ ಹೋಗಿ ಅಭ್ಯಾಸ ಇದ್ದವರು ಇದನ್ನು ಕೇಳಿಯೇ ಕೇಳುತ್ತಾರೆ. ಇಲ್ಲಿ ಹಾಗೆ ಎಲ್ಲರೂ ಒಟ್ಟಿಗೆ ಸೇರಿ, ಒಟ್ಟಿಗೆ ಎದ್ದು ಹೋಗುವ ಪದ್ಧತಿ ಇಲ್ಲ. ಪೂಜೆಗೆ ಹೊತ್ತು ಗೊತ್ತಿರುತ್ತದೆ, ಜನಕ್ಕೆ ಇಲ್ಲ. ಒಬ್ಬರು ಎರಡು ನಿಮಿಷ ನಿಂತು ಹೋಗುತ್ತಾರೆ, ಇನ್ನೊಬ್ಬರು ಅರ್ಧ ದಿನ ಕೂತಿರುತ್ತಾರೆ. ಮಗು ಅಳುತ್ತಿರುತ್ತದೆ, ಯಾರೋ ಗಂಟೆ ಹೊಡೆಯುತ್ತಾರೆ, ಇಬ್ಬರು ಅಜ್ಜಿಯರು ಮೂಲೆಯಲ್ಲಿ ಹೂ ಕಟ್ಟುತ್ತಾ ಮನೆ ಕಷ್ಟ ಹೇಳಿಕೊಳ್ಳುತ್ತಿರುತ್ತಾರೆ. ಮೊದಲ ಸಲ ಬಂದವರಿಗೆ ಇದು ಗದ್ದಲ ಅನಿಸಬಹುದು. ಇದೇ ಇಲ್ಲಿನ ರೀತಿ.

ಜನ ಬರುವುದು ದರ್ಶನಕ್ಕೆ. ದರ್ಶನ ಅಂದರೆ ನಾವು ದೇವರನ್ನು ನೋಡುವುದು, ದೇವರು ನಮ್ಮನ್ನು ನೋಡುವುದು.

ಒಳಗೆ ಹೋದ ತಕ್ಷಣ ಏನು ಮಾಡಬೇಕು? ಎಲ್ಲಿ ನಿಲ್ಲಬೇಕು?

ಮುಂದಿನವರು ಮಾಡಿದ್ದನ್ನು ನೋಡಿ. ದ್ವಾರದ ಹೊಸ್ತಿಲನ್ನು ತುಳಿಯಬೇಡಿ, ದಾಟಿ ಹೋಗಿ. ಜನ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ನೀವು ಮಾಡಲೇಬೇಕೆಂದಿಲ್ಲ. ಒಳಗೆ ಬಂದರೆ ಬಲಿಪೀಠ, ಎತ್ತರದ ಧ್ವಜಸ್ತಂಭ, ಆಮೇಲೆ ದೇವರ ವಾಹನ. ಶಿವನ ಎದುರು ನಂದಿ, ವಿಷ್ಣುವಿನ ಎದುರು ಗರುಡ. ಮುಂದೆ ಕಂಬಗಳ ನವರಂಗ, ಅದಾದ ಮೇಲೆ ಇಕ್ಕಟ್ಟಾದ ಸುಕನಾಸಿ, ಕೊನೆಗೆ ಗರ್ಭಗುಡಿ. ಬೆಳಕಿನಿಂದ ಕತ್ತಲೆಗೆ, ಅಗಲದಿಂದ ಇಕ್ಕಟ್ಟಿಗೆ ಹೋಗುತ್ತೀರಿ.

ನಂದಿ ಮತ್ತು ಲಿಂಗದ ನಡುವೆ ಅಡ್ಡ ಹಾದುಹೋಗಬೇಡಿ. ನಂದಿ ತನ್ನ ಒಡೆಯನನ್ನೇ ನೋಡುತ್ತಾ ಕೂತಿರುತ್ತಾನೆ, ಆ ನೋಟಕ್ಕೆ ಅಡ್ಡ ಬರಬಾರದು ಅಂತ. ಯಾರಾದರೂ ನಂದಿಯ ಹಿಂದೆ ಬಗ್ಗಿ, ಅದರ ಎರಡು ಕೊಂಬುಗಳ ನಡುವಿನಿಂದ ಲಿಂಗ ನೋಡುತ್ತಿದ್ದರೆ ಅವರಾದ ಮೇಲೆ ನೀವೂ ನೋಡಿ. ಕೆಲವರು ನಂದಿಯ ಕಿವಿಗೆ ಬಾಯಿ ಇಟ್ಟು ಏನೋ ಹೇಳುತ್ತಾರೆ, ಹೊರಗೆ ಕೇಳದಿರಲಿ ಅಂತ ಅಂಗೈ ಅಡ್ಡ ಹಿಡಿದಿರುತ್ತಾರೆ. ಆಗ ಸ್ವಲ್ಪ ದೂರ ನಿಲ್ಲಿ. ಅದು ಅವರ ಸ್ವಂತ ಮಾತು.

ಪ್ರದಕ್ಷಿಣೆ ಯಾವ ಕಡೆಯಿಂದ?

ದೇವರು ನಿಮ್ಮ ಬಲಗೈ ಕಡೆ ಇರಬೇಕು, ಗಡಿಯಾರದ ಮುಳ್ಳು ಹೋಗುವ ಹಾಗೆ. ಶಿವನ ಗುಡಿಯಲ್ಲಿ ಮಾತ್ರ ಒಂದು ವ್ಯತ್ಯಾಸ. ಅಭಿಷೇಕದ ನೀರು ಹೊರಗೆ ಹರಿಯುವ ಜಾಗವನ್ನು, ಸಾಮಾನ್ಯವಾಗಿ ಉತ್ತರದ ಗೋಡೆಯಲ್ಲಿರುತ್ತದೆ, ದಾಟುವುದಿಲ್ಲ ಅನ್ನುವ ಸಂಪ್ರದಾಯವಿದೆ. ಜನ ಅಲ್ಲಿವರೆಗೆ ಹೋಗಿ ವಾಪಸ್ ಬರುತ್ತಾರೆ. ದಾರಿ ತಪ್ಪಿ ಬರುತ್ತಿದ್ದಾರೆ ಅಂದುಕೊಳ್ಳಬೇಡಿ.

ಪರದೆ ಎಳೆದುಬಿಟ್ಟರು. ನಾನೇನಾದರೂ ತಪ್ಪು ಮಾಡಿದೆನಾ?

ಇಲ್ಲ ಇಲ್ಲ. ದೇವರಿಗೆ ಅಲಂಕಾರ ನಡೆಯುತ್ತಿದೆ, ಇಲ್ಲವೇ ನೈವೇದ್ಯ ಆಗುತ್ತಿದೆ. ಊಟ ಮಾಡುವಾಗ, ಬಟ್ಟೆ ಉಡುವಾಗ ಯಾರಾದರೂ ನೋಡುತ್ತಾ ನಿಂತಿದ್ದರೆ ಚೆನ್ನಾಗಿರುತ್ತದಾ? ಅಲ್ಲೇ ಕಾಯಿರಿ. ಎಷ್ಟೇ ಅವಸರವಿದ್ದರೂ ಈ ಹೊತ್ತಿನಲ್ಲಿ ಹೊರಡಬೇಡಿ.

ಯಾಕೆ ಅಂದರೆ, ಆಮೇಲೆ ಬರುವ ಕ್ಷಣಕ್ಕೇ ಅಷ್ಟೂ ಜನ ಕಾಯುತ್ತಿರುವುದು. ಪರದೆಯ ಹಿಂದೆ ಸಣ್ಣ ಗಂಟೆ ಸದ್ದು. ಹೊರಗೆ ಮಾತು ಒಂದೊಂದಾಗಿ ನಿಲ್ಲುತ್ತದೆ. ಕೂತಿದ್ದವರು ಏಳುತ್ತಾರೆ, ಹಿಂದೆ ನಿಂತವರು ತುದಿಗಾಲ ಮೇಲೆ ನಿಲ್ಲುತ್ತಾರೆ, ಅಪ್ಪಂದಿರು ಮಕ್ಕಳನ್ನು ಹೆಗಲಿಗೇರಿಸುತ್ತಾರೆ. ಪರದೆ ಸರ್ರನೆ ಸರಿಯುತ್ತದೆ. ಒಳಗೆ ಕತ್ತಲೆ, ಏನೂ ಕಾಣುವುದಿಲ್ಲ. ಅರ್ಚಕರು ಆರತಿ ಎತ್ತುತ್ತಾರೆ. ದೀಪ ಮೊದಲು ಪಾದದ ಹತ್ತಿರ, ಆಮೇಲೆ ಕೈ, ಎದೆಯ ಮೇಲಿನ ಹಾರ, ಕೊನೆಗೆ ಮುಖ. ಕಲ್ಲಿನ ಕಣ್ಣಲ್ಲಿ ದೀಪ ಹೊಳೆಯುತ್ತದೆ. ದೊಡ್ಡ ಗಂಟೆ, ನಗಾರಿ ಒಟ್ಟಿಗೆ ಶುರುವಾಗುತ್ತವೆ. ನನ್ನ ಪಕ್ಕ ನಿಂತಿದ್ದ ಗೆಳತಿ, ಅವಳು ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು, ಆ ಹೊತ್ತಿನಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಗರ್ಭಗುಡಿ ಯಾಕೆ ಅಷ್ಟು ಸಣ್ಣದು, ಯಾಕೆ ಕತ್ತಲೆ ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಹೆಸರಲ್ಲೇ ಗರ್ಭ ಇದೆ.

ಕಲ್ಲಿನ ಮೂರ್ತಿಯನ್ನೇ ದೇವರು ಅಂತ ನಂಬುತ್ತಾರಾ?

ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಶಿಲ್ಪಿಯ ಕೈಯಲ್ಲಿರುವ ತನಕ ಅದು ಕಲ್ಲು. ಪ್ರಾಣಪ್ರತಿಷ್ಠೆ ಆದ ಮೇಲೆ ದೇವರು ಅಲ್ಲಿ ಬಂದು ನೆಲೆಸುತ್ತಾನೆ ಅನ್ನುವುದು ನಂಬಿಕೆ. ಮೂರ್ತಿ ದೇವರ ದೇಹ ಇದ್ದ ಹಾಗೆ. ಪುರಿಯಲ್ಲಿ ಜಗನ್ನಾಥನ ಮೂರ್ತಿ ಮರದ್ದು. ಹಳೆಯದಾದ ಮೇಲೆ ಬೇವಿನ ಮರ ಹುಡುಕಿ ಹೊಸ ಮೂರ್ತಿ ಮಾಡಿ, ಹಳೆಯದರೊಳಗಿನ ಬ್ರಹ್ಮಪದಾರ್ಥ ಎಂಬ ಗುಟ್ಟಿನ ವಸ್ತುವನ್ನು ರಾತ್ರಿಯಲ್ಲಿ ಅದಕ್ಕೆ ಸೇರಿಸಿ, ಹಳೆಯ ಮೂರ್ತಿಯನ್ನು ಮಣ್ಣು ಮಾಡುತ್ತಾರೆ. 1996ರಲ್ಲಿ ಹಾಗಾಯಿತು, ಮತ್ತೆ 2015ರಲ್ಲಿ. ಗಣೇಶನ ಹಬ್ಬದಲ್ಲಂತೂ ಮಣ್ಣಿನ ಗಣಪನನ್ನು ತಂದು, ಪೂಜಿಸಿ, ಕೆಲವೇ ದಿನಕ್ಕೆ ನೀರಿಗೆ ಬಿಡುತ್ತಾರೆ. ಮಣ್ಣೇ ದೇವರಾಗಿದ್ದರೆ ನೀರಿಗೆ ಬಿಡಲು ಮನಸ್ಸು ಬರುತ್ತಿತ್ತಾ?

ಇನ್ನು ವಿಗ್ರಹವೇ ಬೇಡ ಅಂದವರೂ, ದೇವಸ್ಥಾನವೇ ಬೇಡ ಅಂದವರೂ ಈ ನೆಲದಲ್ಲೇ ಹುಟ್ಟಿದ್ದಾರೆ. 12ನೇ ಶತಮಾನದ ಶರಣರಿಗೆ ದೇಹವೇ ದೇಗುಲ.

ಮಂತ್ರ ಒಂದೂ ಅರ್ಥವಾಗಲ್ಲ.

ಪಕ್ಕದಲ್ಲಿ ನಿಂತ ಭಕ್ತರಲ್ಲಿ ಹೆಚ್ಚಿನವರಿಗೂ ಅರ್ಥವಾಗುವುದಿಲ್ಲ. ಅವರು ಅರ್ಥಕ್ಕಾಗಿ ಬಂದಿರುವುದಿಲ್ಲ.

ಮಂಗಳಾರತಿ ತಟ್ಟೆ ನನ್ನ ಮುಂದೆ ಬಂದಾಗ?

ಎರಡೂ ಅಂಗೈಯನ್ನು ದೀಪದ ಮೇಲೆ ಹಾಗೇ ತಂದು, ಆ ಬಿಸಿಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಬೇಡ ಅನಿಸಿದರೆ ಕೈಮುಗಿದು ಸ್ವಲ್ಪ ಹಿಂದೆ ಸರಿಯಿರಿ, ತಟ್ಟೆ ಮುಂದಿನವರಿಗೆ ಹೋಗುತ್ತದೆ. ದೀಪವನ್ನು ಬಾಯಿಂದ ಊದಬೇಡಿ, ಅಷ್ಟೇ. ಮಕ್ಕಳು ಹುಟ್ಟುಹಬ್ಬದ ಅಭ್ಯಾಸದಲ್ಲಿ ಊದಿಬಿಡುತ್ತಾರೆ, ಮೊದಲೇ ಹೇಳಿ ಕರೆತನ್ನಿ.

ತೀರ್ಥ ಹೇಗೆ ತೆಗೆದುಕೊಳ್ಳುವುದು?

ಬಲಗೈ ಬೊಗಸೆ ಮಾಡಿ, ಎಡಗೈಯನ್ನು ಅದರ ಕೆಳಗೆ ಹಿಡಿಯಿರಿ. ಅರ್ಚಕರು ಉದ್ಧರಣೆ ಎಂಬ ಸಣ್ಣ ಚಮಚದಿಂದ ಒಂದಿಷ್ಟು ಹಾಕುತ್ತಾರೆ. ಸದ್ದು ಮಾಡದೆ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಳ್ಳುವುದು ರೂಢಿ. ವಿಷ್ಣು ದೇವಸ್ಥಾನದಲ್ಲಿ ತುಳಸಿಯ ವಾಸನೆ, ಪಚ್ಚಕರ್ಪೂರದ ತಣ್ಣಗಿನ ರುಚಿ ಇರುತ್ತದೆ.

ತಲೆ ಮೇಲೆ ಬೆಳ್ಳಿ ಕಿರೀಟದಂಥದ್ದು ಇಟ್ಟರು. ಅದೇನು?

ಅದು ಶಠಾರಿ. ಮೇಲೆ ವಿಷ್ಣುವಿನ ಪಾದಗಳಿರುತ್ತವೆ, ಗಮನಿಸಿ ನೋಡಿ. ತಮಿಳು ಸಂತ ನಮ್ಮಾಳ್ವಾರರಿಗೆ ಶಠಕೋಪ ಅಂತ ಇನ್ನೊಂದು ಹೆಸರು, ಅವರ ಹೆಸರೇ ಇದಕ್ಕೆ ಬಂದಿದೆ. ದೇವರ ಪಾದವನ್ನು ನಿಮ್ಮ ತಲೆ ಮೇಲಿಟ್ಟು ಹರಸಿದ್ದಾರೆ. ಬೇಡವಾದರೆ ತಲೆ ಬಾಗಬೇಡಿ, ಇಡುವುದಿಲ್ಲ.

ಅರ್ಚಕರು ಪ್ರಸಾದವನ್ನು ಮೇಲಿಂದ ಹಾಕಿದರು. ನನ್ನನ್ನು ಮುಟ್ಟಬಾರದು ಅಂತಲಾ?

ಈ ಪ್ರಶ್ನೆ ಕೇಳುವಾಗ ಕೆಲವರ ಗಂಟಲು ಕಟ್ಟಿರುತ್ತದೆ. ಹಾಗಾಗಿ ನೇರವಾಗಿ ಹೇಳುತ್ತೇನೆ. ಪೂಜೆ ಮುಗಿಯುವ ತನಕ ಅರ್ಚಕರು ಮಡಿಯಲ್ಲಿರುತ್ತಾರೆ. ಆಗ ಅವರು ಯಾರನ್ನೂ ಮುಟ್ಟುವುದಿಲ್ಲ, ಸ್ವಂತ ಮಗ ಬಂದರೂ ಪ್ರಸಾದ ಮೇಲಿಂದಲೇ ಹಾಕುತ್ತಾರೆ. ನೀವು ಹೊರಗಿನವರು ಅಂತ ಹೀಗೆ ಮಾಡಿದ್ದಲ್ಲ. ಕೈಕುಲುಕಲು ಕೈ ಚಾಚಬೇಡಿ, ಕೈಮುಗಿದರೆ ಸಾಕು. ಆದರೆ ಇದೇ ಮುಟ್ಟದಿರುವಿಕೆಯಿಂದ ಎಷ್ಟೋ ಜನ ತಲೆತಲಾಂತರದಿಂದ ನೋವು ತಿಂದಿದ್ದಾರೆ ಅನ್ನುವುದೂ ನಿಜ. ಮಡಿ ಅಂತ ಹೇಳಿ ಅದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. ನಿಮಗೊಬ್ಬರಿಗೇ ಹಾಗೆ ಮಾಡಿ ಪಕ್ಕದವರಿಗೆ ಬೇರೆ ಥರ ಕೊಟ್ಟರೆ, ಕೇಳುವ ಹಕ್ಕು ನಿಮಗಿದೆ.

ಪ್ರಸಾದ ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಹೇಳುವ ರೀತಿಯಲ್ಲಿ ಹೇಳಿದರೆ ಇಲ್ಲ. ‘ಬೇಡ ಸ್ವಾಮಿ, ನೋಡಲಿಕ್ಕೆ ಬಂದೆ’ ಅಂತ ಕೈಮುಗಿದು ಹೇಳಿ. ಕೈಗೆ ತೆಗೆದುಕೊಂಡ ಮೇಲೆ ಎಲ್ಲೋ ಬಿಸಾಡುವುದು ಮಾತ್ರ ತಪ್ಪು, ಅದು ಬೇಡ ಅಂದದ್ದಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಜೊತೆಗಿರುವ ಹಿಂದೂ ಗೆಳೆಯರಿಗೆ ಕೊಟ್ಟುಬಿಡಿ. ಯಾವುದನ್ನೇ ತೆಗೆದುಕೊಂಡರೂ ಬಲಗೈಯಲ್ಲಿ.

ಊಟಕ್ಕೆ ಕೂರಬಹುದಾ?

ಖಂಡಿತ ಕೂರಿ. ಅನ್ನದಾನ ನಡೆಯುವ ಹೆಚ್ಚಿನ ದೇವಸ್ಥಾನಗಳಲ್ಲಿ ಪಂಕ್ತಿಯಲ್ಲಿ ಯಾರು ಪಕ್ಕ ಕೂತಿದ್ದಾರೆ ಅಂತ ಕೇಳುವವರಿಲ್ಲ. ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಿ. ಸಾಕು ಅನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವವರಿಗೆ ಗೊತ್ತಾಗುತ್ತದೆ. ಸಾಲಿನಲ್ಲಿ ಎಲ್ಲರದ್ದೂ ಆದ ಮೇಲೆ ಏಳಿ.

ಅರ್ಚನೆ ಮಾಡಿಸಬೇಕು ಅಂತ ಆಸೆ. ಗೋತ್ರ, ನಕ್ಷತ್ರ ಕೇಳುತ್ತಾರಂತೆ?

ಕೇಳುತ್ತಾರೆ. ಹಿಂದೂಗಳಲ್ಲೇ ಎಷ್ಟೋ ಜನಕ್ಕೆ ಗೋತ್ರ ಗೊತ್ತಿರುವುದಿಲ್ಲ. ಹೆಸರು ಮಾತ್ರ ಹೇಳಿ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಹೇಳಿ ಪೂಜೆ ಮಾಡುವುದು ಹಳೆಯ ರೂಢಿ. ಸುಳ್ಳು ಹೆಸರು ಹೇಳಬೇಕಾಗಿಲ್ಲ. ಅರ್ಚಕರು ದೇವರ ಮುಂದೆ ಸಂಸ್ಕೃತದ ನಡುವೆ ನನ್ನ ಗೆಳೆಯನ ಅರಬ್ಬಿ ಹೆಸರನ್ನು ಸ್ಪಷ್ಟವಾಗಿ, ನಿಧಾನವಾಗಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಹುಂಡಿಗೆ ದುಡ್ಡು ಹಾಕಲೇಬೇಕಾ?

ಇಲ್ಲ.

ಫೋಟೋ ತೆಗೆಯಬಹುದಾ?

ಗೋಪುರ, ಅಂಗಳ, ಹೊರಗೋಡೆಯ ಶಿಲ್ಪ ಸಾಮಾನ್ಯವಾಗಿ ಪರವಾಗಿಲ್ಲ. ಗರ್ಭಗುಡಿಯದ್ದು ಬೇಡ. ಪ್ರಾರ್ಥನೆಯಲ್ಲಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದಂತೂ ಬೇಡವೇ ಬೇಡ. ತಮಿಳುನಾಡಿನ ದೇವಸ್ಥಾನಗಳಲ್ಲಿ ಮೊಬೈಲ್ ನಿಷೇಧಿಸಲು 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶ ಕೊಟ್ಟಿದೆ. ತಿರುಮಲದಲ್ಲೂ ಒಳಗೆ ಒಯ್ಯುವಂತಿಲ್ಲ.

ನನಗೆ ಶಿಲ್ಪಕಲೆಯಲ್ಲಿ ಮಾತ್ರ ಆಸಕ್ತಿ. ಪೂಜೆ ನಡೆಯದ ದೇವಸ್ಥಾನ ಇದೆಯಾ?

ಇದೆ. ನಿಜ ಹೇಳಬೇಕೆಂದರೆ ಎಲ್ಲರೂ ಅಲ್ಲಿಂದಲೇ ಶುರು ಮಾಡಿದರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಸೋಮನಾಥಪುರದ ಕೇಶವ ದೇವಸ್ಥಾನದಲ್ಲಿ ಪೂಜೆ ಇಲ್ಲ. ಮೂರು ಗರ್ಭಗುಡಿಗಳಿವೆ, ಕೇಶವನ ಮೂಲ ವಿಗ್ರಹ ಈಗ ಉಳಿದಿಲ್ಲ. ಸಾಲಿಲ್ಲ, ನೂಕುನುಗ್ಗಲಿಲ್ಲ. ನವರಂಗ ಎಲ್ಲಿ, ಸುಕನಾಸಿ ಎಲ್ಲಿ, ಕಂಬದ ಮೇಲಿನ ಒಂದೊಂದು ಭುವನೇಶ್ವರಿಯೂ, ಅಂದರೆ ಕೆತ್ತನೆಯ ಒಳಛಾವಣಿಯೂ, ಹೇಗೆ ಬೇರೆ ಬೇರೆ ಅಂತ ಕತ್ತೆತ್ತಿ ನಿಧಾನವಾಗಿ ನೋಡಬಹುದು. ಅದನ್ನು ನೋಡಿ ಬೇಲೂರಿಗೆ ಹೋಗಿ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನಿಗೆ ಇವತ್ತೂ ಪೂಜೆ ನಡೆಯುತ್ತಿದೆ. ಅದೇ ಹೊಯ್ಸಳರ ಕೈ, ಅದೇ ನಕ್ಷತ್ರದಾಕಾರದ ಜಗಲಿ. ಆದರೆ ಇಲ್ಲಿ ಎಣ್ಣೆ, ಹೂವು, ಕರ್ಪೂರದ ವಾಸನೆ ಇದೆ. ಮೊದಲನೆಯದು ಖಾಲಿ ಮನೆ, ಎರಡನೆಯದು ಜನ ವಾಸವಿರುವ ಮನೆ. ವ್ಯತ್ಯಾಸ ಬಾಗಿಲಲ್ಲೇ ತಿಳಿಯುತ್ತದೆ. ಹಳೇಬೀಡನ್ನೂ ಸೇರಿಸಿ ಈ ಮೂರೂ 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹಂಪಿಯಲ್ಲೂ ಹೀಗೇ ನೋಡಬಹುದು, ವಿಠ್ಠಲ ದೇವಸ್ಥಾನ ಒಂದು ಕಡೆ, ವಿರೂಪಾಕ್ಷ ಇನ್ನೊಂದು ಕಡೆ.

ಬೇರೆ ಧರ್ಮದವರ ನಂಟು ಇರುವ ದೇವಸ್ಥಾನಗಳಿವೆಯಾ?

ತುಂಬ ಇವೆ, ನನಗೆ ಹೇಳಲು ಖುಷಿಯಾಗುವ ವಿಷಯ ಇದು. ಧರ್ಮಸ್ಥಳದಲ್ಲಿ ದೇವರು ಶಿವ, ಪೂಜೆ ಮಾಡುವವರು ವೈಷ್ಣವರು, ಕ್ಷೇತ್ರ ನಡೆಸುವ ಹೆಗ್ಗಡೆ ಮನೆತನ ಜೈನರದ್ದು. ಮೂಲ್ಕಿ ಹತ್ತಿರದ ಬಪ್ಪನಾಡು ದುರ್ಗಾಪರಮೇಶ್ವರಿ ಗುಡಿಯನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ ಅಂತ ಐತಿಹ್ಯ, ಊರಿನ ಹೆಸರಲ್ಲೇ ಅವನಿದ್ದಾನೆ. ಶಬರಿಮಲೆಗೆ ಧರ್ಮದ ತಡೆ ಇಲ್ಲ. ಅಲ್ಲಿಗೆ ಹೋಗುವ ಅಯ್ಯಪ್ಪ ಭಕ್ತರು ದಾರಿಯಲ್ಲಿ ಎರುಮೇಲಿಯಲ್ಲಿ ಅಯ್ಯಪ್ಪನ ಮುಸ್ಲಿಂ ಗೆಳೆಯ ವಾವರನ ಮಸೀದಿಗೆ ಹೋಗಿ ಮುಂದೆ ನಡೆಯುತ್ತಾರೆ. ಹತ್ತರಿಂದ ಐವತ್ತು ವರ್ಷದ ಹೆಂಗಸರ ಪ್ರವೇಶದ ವಿಷಯ ಅಲ್ಲಿ ಬೇರೆ. ಆ ಬಗ್ಗೆ 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೂ ವಿವಾದ ಮುಗಿಯಲಿಲ್ಲ.

ಗಾಯಕ ಯೇಸುದಾಸ್ ಕ್ರೈಸ್ತ ಮನೆಯಲ್ಲಿ ಹುಟ್ಟಿದವರು. ಗುರುವಾಯೂರಿನಲ್ಲಿ ಅವರಿಗೆ ಪ್ರವೇಶ ಸಿಗಲಿಲ್ಲ. ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿ ಅವರು ತಮ್ಮ ಹುಟ್ಟುಹಬ್ಬ, ಜನವರಿ 10ರಂದು ಬಂದು ಹಾಡುವುದನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು.

ಗೊತ್ತಿಲ್ಲದೆ ತಪ್ಪು ಮಾಡಿದರೆ?

ಹೊಸ್ತಿಲು ತುಳಿದಿರಿ, ಉಲ್ಟಾ ಸುತ್ತಿದಿರಿ, ಎಡಗೈ ಚಾಚಿದಿರಿ, ಇವೆಲ್ಲ ನಮ್ಮ ಮಕ್ಕಳೂ ಮಾಡುತ್ತಾರೆ. ಯಾರೋ ಅಜ್ಜಿ ತಿದ್ದುತ್ತಾರೆ, ‘ಸರಿ ಅಜ್ಜಿ’ ಅಂದರೆ ಮುಗಿಯಿತು. ನಿಜವಾಗಿ ನೋವಾಗುವುದು ಮೂರು ವಿಷಯಕ್ಕೆ. ಚಪ್ಪಲಿ ಹಾಕಿ ಒಳಗೆ ಬಂದರೆ, ಗರ್ಭಗುಡಿಯ ಹೊಸ್ತಿಲು ದಾಟಿದರೆ, ಹೇಳದೆ ಕೇಳದೆ ವಿಗ್ರಹ ಮುಟ್ಟಿದರೆ. ಗೋಕರ್ಣದ ಹಾಗೆ ಭಕ್ತರೇ ಲಿಂಗ ಮುಟ್ಟುವ ಕಡೆಗಳೂ ಇವೆ, ಆದರೆ ಅಲ್ಲಿನವರು ಕರೆದು ಹೇಳಿದರೆ ಮಾತ್ರ.

ಎಲ್ಲ ನೋಡಿ ಆಯಿತು. ಇನ್ನು ಹೊರಡಬಹುದಾ?

ಒಂದೈದು ನಿಮಿಷ ಜಗಲಿ ಮೇಲೆ ಕೂತು ಹೋಗಿ. ದರ್ಶನ ಆದ ಮೇಲೆ ಕೂರದೆ ಹೋಗಬಾರದು ಅಂತ ಹಿರಿಯರು ಹೇಳುತ್ತಾರೆ. ಮನೆಗೆ ಹೋಗಿ ಬಾಗಿಲಿಂದಲೇ ಹೊರಟರೆ ಯಾರಿಗೆ ತಾನೇ ಇಷ್ಟವಾಗುತ್ತದೆ?

ಕೈಗೆ ಕೊಟ್ಟ ಹೂವನ್ನು ಏನು ಮಾಡಲಿ?

ಹೆಂಗಸರು ಮುಡಿಯುತ್ತಾರೆ, ಗಂಡಸರು ಕಿವಿ ಮೇಲೋ ಜೇಬಿಗೋ ಇಟ್ಟುಕೊಳ್ಳುತ್ತಾರೆ. ನೀವು ಮನೆಗೆ ಒಯ್ಯಿರಿ. ಬಾಡಿದ ಮೇಲೆ ಕಸದ ಬುಟ್ಟಿಗೆ ಹಾಕದೆ ಯಾವುದಾದರೂ ಗಿಡದ ಬುಡಕ್ಕೆ ಹಾಕಿ.